ಡೇಲೆಕ್‌ಗಳ ಹುಟ್ಟಿನ ಕಥೆ: ಡಾವ್ರೋಸ್ ಬಂದದ್ದರಿಂದ ಖಳರು ಬೆಳೆದರೋ, ಕುಗ್ಗಿದರೋ?

ನೀಲಿಪೆಟ್ಟಿಗೆ:

ಬಿಬಿಸಿಯ ವೈಜ್ಞಾನಿಕ ಕಲ್ಪನೆಯ ದೂರದರ್ಶನ ಸರಣಿ ‘ಡಾಕ್ಟರ್ ಹೂ’ವಿನ ಹಳೆಯ ಕಥಾನಕಗಳನ್ನು ಕ್ರಮವಾಗಿ ನೋಡುತ್ತ ಬಂದಿರುವ ನಾನು ಈಚೆಗೆ ‘ಜೆನೆಸಿಸ್ ಆಫ್ ದ ಡೇಲೆಕ್ಸ್’ ನೋಡಿ ಮುಗಿಸಿದೆ. ಟೆರಿ ನೇಷನ್ ಬರೆದು ಡೇವಿಡ್ ಮಲೋನಿ ನಿರ್ದೇಶಿಸಿದ ಈ ಕಥೆ 1975ರ ಮಾರ್ಚ್ 8ರಿಂದ ಏಪ್ರಿಲ್ 12ರವರೆಗೆ ಆರು ಶನಿವಾರಗಳಂದು ಆರು ಕಂತುಗಳಲ್ಲಿ ಪ್ರಸಾರವಾಯಿತು. ಇಡೀ ಸರಣಿಯಲ್ಲಿ ಇದಕ್ಕಿಂತ ಉತ್ತಮವಾದದ್ದು ಇಲ್ಲವೆನ್ನುವವರು ಬಹಳ ಮಂದಿ ಇದ್ದಾರೆ. ಆ ಮೆಚ್ಚುಗೆಯ ಬಗ್ಗೆ ನನ್ನ ತಕರಾರೇನೂ ಇಲ್ಲ, ಆದರೆ ಕಥೆಯ ಮೂಲ ಉದ್ದೇಶದ ಬಗ್ಗೆಯೇ ನನಗೆ ಒಂದು ಅನುಮಾನವಿದೆ.

ನೋಡಿರದವರಿಗಾಗಿ ಕಥೆಯ ಎಳೆಯನ್ನು ಚಿಕ್ಕದಾಗಿ ಹೇಳುತ್ತೇನೆ. ಮುಂದೊಂದು ಕಾಲದಲ್ಲಿ ಯಂತ್ರಕವಚದೊಳಗಿನ ಖಳಜೀವಿಗಳಾದ ಡೇಲೆಕ್‌ಗಳು ಉಳಿದೆಲ್ಲ ಜೀವಿಗಳನ್ನೂ ಅಳಿಸಿಹಾಕಿ ಬ್ರಹ್ಮಾಂಡವನ್ನು ತಾವೇ ಆಳುವ ಸಂಭವವಿದೆ ಎಂದು ಕಂಡುಕೊಂಡ, ಕಾಲಪ್ರಯಾಣದಲ್ಲಿ ಪಳಗಿದ ಟೈಮ್ ಲಾರ್ಡ್‌ಗಳು, ತಮ್ಮವನೇ ಆದ ಕಥಾನಾಯಕ ಡಾಕ್ಟರನ ಒಪ್ಪಿಗೆಯನ್ನೂ ಕೇಳದೆ ಅವನನ್ನು ಸ್ಕಾರೋ ಗ್ರಹದ ಗತಕಾಲಕ್ಕೆ ಕಳುಹಿಸುತ್ತಾರೆ. ಡೇಲೆಕ್‌ಗಳು ಹುಟ್ಟದಂತೆ ತಡೆಯಬೇಕು, ಇಲ್ಲವೇ ಅವು ಇಷ್ಟು ಕ್ರೂರವಾಗದಂತೆ ಅವುಗಳ ಬೆಳವಣಿಗೆಯನ್ನು ತಿದ್ದಬೇಕು, ಅದೂ ಆಗದಿದ್ದರೆ ಅವುಗಳ ದೌರ್ಬಲ್ಯವೇನೆಂಬುದನ್ನಾದರೂ ಪತ್ತೆಮಾಡಬೇಕು ಎಂಬುದು ಅವನಿಗೆ ವಹಿಸಿದ ಕೆಲಸ. ಅಲ್ಲಿ ಕ್ಯಾಲೆಡ್ ಮತ್ತು ಥಾಲ್ ಎಂಬ ಎರಡು ಜನಾಂಗಗಳ ನಡುವೆ ಸಾವಿರ ವರ್ಷಗಳಿಂದ ಯುದ್ಧ ನಡೆಯುತ್ತಿದೆ. ಕ್ಯಾಲೆಡ್‌ಗಳ ಮುಖ್ಯ ವಿಜ್ಞಾನಿ ಡಾವ್ರೋಸ್, ತನ್ನ ಜನಾಂಗ ಕೊನೆಗೆ ಯಾವ ರೂಪಕ್ಕೆ ವಿಕಾರಗೊಳ್ಳಲಿದೆಯೋ ಆ ರೂಪವನ್ನು ಪ್ರಯೋಗಾಲಯದಲ್ಲಿ ಮೊದಲೇ ಸೃಷ್ಟಿಸಿ, ಅದಕ್ಕೊಂದು ಶಸ್ತ್ರಸಜ್ಜಿತ ಯಂತ್ರಕವಚವನ್ನು ತಯಾರಿಸುತ್ತಿದ್ದಾನೆ.

ನನ್ನ ಅನುಮಾನ ಇದು. 1963ರ ಡಿಸೆಂಬರಿನಲ್ಲಿ ಡೇಲೆಕ್‌ಗಳು ಮೊದಲ ಬಾರಿಗೆ ತೆರೆಯ ಮೇಲೆ ಬಂದಾಗ ಅವುಗಳ ಭೀಕರತೆಯ ಅರ್ಧ ಪಾಲು ಇದ್ದದ್ದು, ಅವುಗಳಿಗೆ ಮುಖವಿಲ್ಲ ಎಂಬುದರಲ್ಲಿ. ವಿನ್ಯಾಸಕ ರೇಮಂಡ್ ಕ್ಯೂಸಿಕ್ ರೂಪಿಸಿದ ಆ ಆಕೃತಿಯಲ್ಲಿ ನಟನ ಕೈಕಾಲುಗಳ ಸುಳಿವೂ ಸಿಗುವುದಿಲ್ಲ, ಒಳಗೆ ಏನಿದೆ ಎಂಬುದು ನೋಡುವವರ ಊಹೆಗೆ ಬಿಟ್ಟದ್ದು. ಆ ಮೊದಲ ಕಥೆಯಲ್ಲಿಯೂ ಹಿನ್ನೆಲೆಯ ಪ್ರಸ್ತಾಪವಿದೆ: ಡಾಲ್ ಎಂಬ ಜನಾಂಗ ನ್ಯೂಟ್ರಾನ್ ಬಾಂಬಿನ ಯುದ್ಧದಲ್ಲಿ ನಾಶವಾಗಿ, ಉಳಿದವರು ವಿಕಿರಣದಿಂದ ಪಾರಾಗಲು ಯಂತ್ರಗಳೊಳಗೆ ಸೇರಿಕೊಂಡರು. ಅಲ್ಲಿ ತಪ್ಪು ಯಾರೊಬ್ಬನದೂ ಅಲ್ಲ, ಯುದ್ಧದ್ದು. ಹನ್ನೊಂದು ವರ್ಷಗಳ ನಂತರ ಅದೇ ಲೇಖಕ ಅದನ್ನು ಬದಿಗೆ ಸರಿಸಿ, ಎಲ್ಲದಕ್ಕೂ ಒಬ್ಬ ಹುಚ್ಚು ವಿಜ್ಞಾನಿಯೇ ಕಾರಣ ಎಂದು ಬರೆದದ್ದು ಕಥೆಯನ್ನು ಸಣ್ಣದು ಮಾಡಲಿಲ್ಲವೇ? ಖಳನಿಗೆ ಒಂದು ಹುಟ್ಟು, ಒಂದು ಕಾರಣ, ಒಬ್ಬ ತಂದೆ ಎಂದು ಒದಗಿಸಿದ ಮೇಲೆ ಅವನಲ್ಲಿ ಹೆದರಬೇಕಾದದ್ದು ಏನು ಉಳಿಯುತ್ತದೆ? ಹಳಬರ ಅಭಿಪ್ರಾಯವನ್ನು ತಿಳಿಯಬಯಸುತ್ತೇನೆ.

ತುಂಗಾತೀರ:

ತಮ್ಮ ಪ್ರಶ್ನೆಯಲ್ಲಿರುವ ‘ಹುಚ್ಚು ವಿಜ್ಞಾನಿ’ ಎಂಬ ವರ್ಣನೆಯಿಂದಲೇ ನನ್ನ ಉತ್ತರವನ್ನು ಆರಂಭಿಸಬೇಕಾಗಿದೆ, ಏಕೆಂದರೆ ಆರು ಕಂತುಗಳನ್ನು ಗಮನವಿಟ್ಟು ನೋಡಿದರೆ ಡಾವ್ರೋಸ್ ಒಬ್ಬನೇ ಮಾಡಿದ ಕೆಲಸವೆಂಬುದು ಅಲ್ಲಿ ತೀರ ಕಡಿಮೆ. ಅವನು ಕುಳಿತಲ್ಲಿಂದ ಏಳಲಾರ, ಒಂದು ಕೈಯನ್ನು ಬಿಟ್ಟರೆ ಬೇರೇನನ್ನೂ ಅಲುಗಾಡಿಸಲಾರ. ಡೇಲೆಕ್‌ಗಳನ್ನು ಹುಟ್ಟಿಸಿದ್ದು ಅವನ ಸುತ್ತ ಇದ್ದ ಬಂಕರ್, ಅಂದರೆ ಒಂದು ಸಂಸ್ಥೆ. ಅಲ್ಲಿಯ ವಿಜ್ಞಾನಿಗಳು, ಕಾವಲಿನವರು, ಕಡತ ಹಿಡಿದು ಓಡಾಡುವವರು, ಸರ್ಕಾರದ ಕಣ್ಣಳತೆಗೆ ಸಿಗದಂತೆ ಅದಕ್ಕೆ ದೊರೆತಿದ್ದ ಸ್ವಾತಂತ್ರ್ಯ, ಇವೆಲ್ಲ ಸೇರಿ ಹುಟ್ಟಿಸಿದವು.

ಕಥೆ ತೆರೆದುಕೊಳ್ಳುವ ಬಗೆಯನ್ನೇ ನೋಡಿ. ಮಂಜು ಕವಿದ ಬಯಲು, ಕಂದಕ, ಸತ್ತ ಸೈನಿಕರು. ಡಾಕ್ಟರ್ ಆ ಶವಗಳನ್ನು ಪರೀಕ್ಷಿಸಿದಾಗ ಅವರ ಉಡುಪಿನಲ್ಲಿಯೂ ಆಯುಧಗಳಲ್ಲಿಯೂ ಒಂದಕ್ಕೊಂದು ಹೊಂದದ ಕಾಲಗಳು ಬೆರೆತಿರುವುದು ಕಾಣುತ್ತದೆ. ಅತ್ಯಾಧುನಿಕ ಉಪಕರಣದ ಪಕ್ಕದಲ್ಲಿಯೇ ಪ್ರಾಣಿಯ ಚರ್ಮ, ಹಳೆಯ ಬಂದೂಕು. ಮುಂದುವರಿದ ಶಸ್ತ್ರಗಳಿಂದ ಯುದ್ಧವನ್ನು ಆರಂಭಿಸಿದವರು ಸಾವಿರ ವರ್ಷಗಳಲ್ಲಿ ಎಲ್ಲವನ್ನೂ ಖರ್ಚುಮಾಡಿಕೊಂಡು ಹಿಂದಕ್ಕೆ ಜಾರುತ್ತಿದ್ದಾರೆ ಎಂಬುದನ್ನು ಯಾವ ಭಾಷಣವೂ ಇಲ್ಲದೆ ಇಷ್ಟು ಬೇಗ ತಿಳಿಸಿದ ದೃಶ್ಯ ಆ ಕಾಲದ ದೂರದರ್ಶನದಲ್ಲಿ ವಿರಳ. ಮುಂದೆ ಮ್ಯೂಟೋಗಳು ಬರುತ್ತಾರೆ. ಯುದ್ಧದ ಮೊದಲ ಶತಮಾನದಲ್ಲಿ ಬಳಸಿದ ರಾಸಾಯನಿಕ ಅಸ್ತ್ರಗಳಿಂದ ದೇಹ ವಿಕಾರಗೊಂಡ ತಮ್ಮವರನ್ನೇ, ರಕ್ತದ ಶುದ್ಧಿ ಕೆಡಬಾರದೆಂಬ ಕಾರಣಕ್ಕೆ, ಕ್ಯಾಲೆಡ್‌ಗಳು ಬಂಜರು ನೆಲಕ್ಕೆ ಅಟ್ಟಿದ್ದಾರೆ. ಅಂದರೆ ಡೇಲೆಕ್‌ನ ಮನಸ್ಸು ಡೇಲೆಕ್ ತಯಾರಾಗುವುದಕ್ಕಿಂತ ಎಷ್ಟೋ ತಲೆಮಾರುಗಳ ಮೊದಲೇ ಆ ಸಮಾಜದಲ್ಲಿ ಕಾನೂನಾಗಿ ಜಾರಿಯಲ್ಲಿತ್ತು. ಡಾವ್ರೋಸ್ ಅದಕ್ಕೆ ಲೋಹದ ಕವಚವನ್ನೂ ಬಂದೂಕನ್ನೂ ಜೋಡಿಸಿದ, ಅಷ್ಟೆ.

ಹಾಗೆಂದು ಥಾಲರನ್ನು ಒಳ್ಳೆಯವರೆಂದು ತೋರಿಸಲಾಗಿದೆಯೇ ಎಂದರೆ ಅದೂ ಇಲ್ಲ. 1963ರ ಕಥೆಯಲ್ಲಿ ಯುದ್ಧವೆಂದರೆ ಅಸಹ್ಯಪಡುವ ಶಾಂತಿಪ್ರಿಯರಾಗಿ ಕಂಡಿದ್ದ ಇದೇ ಜನರು ಇಲ್ಲಿ ಸೆರೆಯಾಳುಗಳಿಂದ ಕ್ಷಿಪಣಿಗೆ ವಿಕಿರಣಕಾರಿ ಸರಕನ್ನು ಹೊರಿಸುತ್ತಾರೆ, ಹೊರುವವರು ಸಾಯುತ್ತಾರೆಂದು ಗೊತ್ತಿದ್ದೂ ಹೊರಿಸುತ್ತಾರೆ. ಡಾಕ್ಟರನ ಜೊತೆಗಾತಿ ಸಾರಾ ಜೇನ್ ಸ್ಮಿತ್ ಸಿಕ್ಕಿಬೀಳುವುದು ಅಲ್ಲಿಯೇ. ಗುಮ್ಮಟ ಹೊದಿಸಿದ ಎರಡು ನಗರಗಳ ನಡುವಿನ ಅಂತರ ಕೆಲವು ಮೈಲಿ ಮಾತ್ರ. ಎರಡೂ ಕಡೆಯವರು ಒಂದೇ ಬಗೆಯ ಮಾತನ್ನಾಡುತ್ತಾರೆ.

ಇನ್ನು ನೈಡರ್. ಪೀಟರ್ ಮೈಲ್ಸ್ ನಟಿಸಿದ ಈ ಭದ್ರತಾಧಿಕಾರಿ ನನ್ನ ದೃಷ್ಟಿಯಲ್ಲಿ ಡಾವ್ರೋಸ್‌ಗಿಂತ ಭಯಂಕರ ಪಾತ್ರ. ಕನ್ನಡಕ, ಇಸ್ತ್ರಿ ಹಾಕಿದ ಕಪ್ಪು ಸಮವಸ್ತ್ರ, ತಗ್ಗಿದ ದನಿ. ಅವನಿಗೆ ದೊಡ್ಡ ಕನಸುಗಳಿಲ್ಲ, ಸಿದ್ಧಾಂತದ ಉನ್ಮಾದವೂ ಇಲ್ಲ. ಹೇಳಿದ ಕೆಲಸವನ್ನು ಅಚ್ಚುಕಟ್ಟಾಗಿ ಮಾಡಿ ಮುಗಿಸುವುದರಲ್ಲಿಯೇ ತೃಪ್ತಿ. ಮೊದಲ ಕಂತಿನಲ್ಲಿ ಅವನ ಕೊರಳಲ್ಲಿ ಜರ್ಮನಿಯ ಐರನ್ ಕ್ರಾಸ್ ಪದಕವೂ ಇದೆ, ಅತಿಯಾಯಿತೆಂದು ಆಮೇಲೆ ಅದನ್ನು ತೆಗೆಸಿಬಿಟ್ಟರು. ಟೆರಿ ನೇಷನ್ 1930ರಲ್ಲಿ ಕಾರ್ಡಿಫ್‌ನಲ್ಲಿ ಹುಟ್ಟಿ, ಎರಡನೆಯ ಮಹಾಯುದ್ಧದ ವಿಮಾನದಾಳಿಗಳ ನಡುವೆ ಬಾಲ್ಯವನ್ನು ಕಳೆದವರು. ನಾಜಿಗಳ ನೆನಪು ಅವರಿಗೆ ಪುಸ್ತಕದಿಂದ ಬಂದದ್ದಲ್ಲ.

ಆದ್ದರಿಂದ, ಖಳನಿಗೆ ಒಂದು ಕಾರಣವನ್ನು ಒದಗಿಸಿದ್ದರಿಂದ ಭಯ ಕಡಿಮೆಯಾಯಿತು ಎಂಬ ತಮ್ಮ ಮಾತನ್ನು ನಾನು ಒಪ್ಪಲಾರೆ. ಬಾಲ್ಯದಲ್ಲಿ ಪೆಟ್ಟು ತಿಂದ, ಪ್ರೀತಿಯಲ್ಲಿ ಸೋತ, ಆದ್ದರಿಂದ ಕೆಟ್ಟವನಾದ ಎಂಬ ಬಗೆಯ ಕಾರಣವಾಗಿದ್ದರೆ ತಮ್ಮ ಆಕ್ಷೇಪ ಸರಿಯಾಗುತ್ತಿತ್ತು. ಈ ಕಥೆ ಡಾವ್ರೋಸ್‌ನ ಗಾಯಗಳು ಹೇಗಾದವೆಂಬುದನ್ನು ವಿವರಿಸುವ ಗೋಜಿಗೇ ಹೋಗುವುದಿಲ್ಲ. ಅದು ತೋರಿಸುವುದು ಕಾರ್ಯವಿಧಾನವನ್ನು. ಡೇಲೆಕ್ ಯೋಜನೆಯನ್ನು ಸ್ಥಗಿತಗೊಳಿಸಿ ವಿಚಾರಣೆ ನಡೆಸಬೇಕೆಂದು ಕ್ಯಾಲೆಡ್ ಮುಖಂಡರು ತೀರ್ಮಾನಿಸಿದಾಗ ಡಾವ್ರೋಸ್ ಕೂಗಾಡುವುದಿಲ್ಲ, ವಿನಯದಿಂದ ಒಪ್ಪಿಕೊಳ್ಳುತ್ತಾನೆ. ಒಪ್ಪಿಕೊಂಡವನು ನೈಡರ್‌ನೊಂದಿಗೆ ಗುಟ್ಟಾಗಿ ಶತ್ರುಗಳ ಬಳಿಗೆ ಹೋಗಿ, ತನ್ನದೇ ನಗರದ ಗುಮ್ಮಟವನ್ನು ದುರ್ಬಲಗೊಳಿಸುವ ರಾಸಾಯನಿಕ ಸೂತ್ರವನ್ನು ಅವರ ಕೈಗೆ ಕೊಟ್ಟು ಬರುತ್ತಾನೆ. ಥಾಲರ ಕ್ಷಿಪಣಿ ಇಡೀ ಕ್ಯಾಲೆಡ್ ನಗರವನ್ನು ಸುಟ್ಟ ಮೇಲೆ, ಆ ದ್ರೋಹವನ್ನು ರಾನ್ಸನ್ ಎಂಬ ಪ್ರಾಮಾಣಿಕ ಸಹೋದ್ಯೋಗಿಯ ತಲೆಗೆ ಕಟ್ಟಿ, ಅವನನ್ನು ಅಲ್ಲಿಯೇ ಡೇಲೆಕ್‌ಗಳಿಂದ ಕೊಲ್ಲಿಸುತ್ತಾನೆ. ಯೋಜನೆಯೊಂದನ್ನು ಉಳಿಸಿಕೊಳ್ಳುವುದಕ್ಕಾಗಿ, ಆ ಯೋಜನೆ ಯಾರನ್ನು ಉಳಿಸಲೆಂದು ಆರಂಭವಾಯಿತೋ ಅವರನ್ನೇ ಬಲಿಕೊಡುವ ಈ ಲೆಕ್ಕಾಚಾರ ಮುಖವಿಲ್ಲದ ಯಾವ ಯಂತ್ರಕ್ಕಿಂತಲೂ ನನ್ನನ್ನು ಹೆಚ್ಚು ಹೆದರಿಸುತ್ತದೆ.

ಹಳೆಯ ಆಂಟೆನಾ:

ತುಂಗಾತೀರ ಅವರ ವಿವರಣೆ ಈ ಆರು ಕಂತುಗಳ ಮಟ್ಟಿಗೆ ಒಪ್ಪತಕ್ಕದ್ದು. ಆದರೆ ಪ್ರಶ್ನೆ ಕೇಳಿದವರ ಆತಂಕಕ್ಕೆ ಆಧಾರವಿರುವುದು ಈ ಕಥೆಯಲ್ಲಿ ಅಲ್ಲ, ಇದರ ಯಶಸ್ಸಿನ ನಂತರ ನಡೆದದ್ದರಲ್ಲಿ.

ಈ ಕಥೆಯ ಕೊನೆಯಲ್ಲಿ ಡಾವ್ರೋಸ್‌ನನ್ನು ಅವನ ಸೃಷ್ಟಿಯೇ ಕೊಲ್ಲುತ್ತದೆ. ಅವನು ಸತ್ತೇ ಇದ್ದಿದ್ದರೆ ಎಲ್ಲವೂ ಸರಿಯಿರುತ್ತಿತ್ತು. 1979ರ ‘ಡೆಸ್ಟಿನಿ ಆಫ್ ದ ಡೇಲೆಕ್ಸ್’ನಲ್ಲಿ ಇದೇ ನೇಷನ್ ಅವನನ್ನು ಮಣ್ಣಿನಡಿಯಿಂದ ಅಗೆದು ಮೇಲೆ ತಂದರು. ಮೊವೆಲ್ಲನ್ ಎಂಬ ರೋಬಾಟ್‌ಗಳ ಎದುರು ಯುದ್ಧತರ್ಕದಲ್ಲಿ ಸಿಕ್ಕಿಕೊಂಡು ಮುಂದೆ ಹೆಜ್ಜೆಯಿಡಲಾರದ ಡೇಲೆಕ್‌ಗಳು, ದಾರಿ ತೋರಿಸಪ್ಪಾ ಎಂದು ತಾವೇ ಕೊಂದವನನ್ನು ಹುಡುಕಿಕೊಂಡು ಬರುತ್ತವೆ. ದ್ವೇಷದಿಂದಲೇ ಜೀವ ಹಿಡಿದುಕೊಂಡಿದ್ದ ಜೀವಿಗಳು ಅಲ್ಲಿ ಕೇವಲ ಗಣಕಯಂತ್ರಗಳಾಗಿಬಿಟ್ಟವು. ಅಲ್ಲಿಂದ ಮುಂದಕ್ಕೆ ಹಳೆಯ ಸರಣಿಯಲ್ಲಿ ಡಾವ್ರೋಸ್ ಇಲ್ಲದ ಡೇಲೆಕ್ ಕಥೆಯೇ ಬರಲಿಲ್ಲ. 1984, 1985, 1988, ಈ ಮೂರೂ ಸಲ ಟೆರಿ ಮೊಲೊಯ್ ಆ ಪಾತ್ರವನ್ನು ಸೊಗಸಾಗಿಯೇ ನಿರ್ವಹಿಸಿದರು, ತಪ್ಪು ನಟನದಲ್ಲ. ಮಾತನಾಡಬಲ್ಲ, ವ್ಯಂಗ್ಯವಾಡಬಲ್ಲ, ಡಾಕ್ಟರನೊಂದಿಗೆ ವಾದಿಸಬಲ್ಲ ಒಬ್ಬನು ಕೋಣೆಯಲ್ಲಿ ಇದ್ದಾಗ, ಒಂದೇ ಸ್ವರದಲ್ಲಿ ಕಿರುಚುವ ಡೇಲೆಕ್‌ಗಳಿಗೆ ಯಾವ ಬರಹಗಾರ ತಾನೆ ಸಂಭಾಷಣೆ ಬರೆದಾನು? ಅವು ಒಡೆಯನ ಹಿಂದೆ ನಿಂತ ಪಡೆಯಾಳುಗಳಾದವು. 1963ರಲ್ಲಿ ಅವು ತಮ್ಮ ತಂತ್ರವನ್ನು ತಾವೇ ಹೂಡುತ್ತಿದ್ದವು, ಸುಳ್ಳು ಹೇಳುತ್ತಿದ್ದವು, ಒಪ್ಪಂದದ ನೆಪದಲ್ಲಿ ಥಾಲರನ್ನು ಕರೆದು ಬಲೆಗೆ ಕೆಡವುತ್ತಿದ್ದವು.

ನೀಲಿಪೆಟ್ಟಿಗೆ ಅವರು ಹೇಳಿದ ಎರಡು ಹಿನ್ನೆಲೆಗಳ ನಡುವೆ ಮೂರನೆಯದೊಂದಿದೆ ಎಂಬುದನ್ನೂ ಇಲ್ಲಿ ಸೇರಿಸುತ್ತೇನೆ. 1965ರಿಂದ ‘ಟಿವಿ ಸೆಂಚುರಿ 21’ ಎಂಬ ಮಕ್ಕಳ ಪತ್ರಿಕೆಯಲ್ಲಿ ಬಂದ ಚಿತ್ರಕಥೆಯಲ್ಲಿ ಡೇಲೆಕ್‌ಗಳನ್ನು ತಯಾರಿಸಿದವನು ಯಾರ್ವೆಲಿಂಗ್ ಎಂಬ ವಿಜ್ಞಾನಿ. ಹೊಂದಾಣಿಕೆಯ ಬಗ್ಗೆ ನೇಷನ್ ಎಂದೂ ತಲೆ ಕೆಡಿಸಿಕೊಂಡವರಲ್ಲ. ಈ ಕಥೆ ಹುಟ್ಟಿದ್ದು ಕೂಡ ಯಾವ ಮಹಾಯೋಜನೆಯಿಂದಲೂ ಅಲ್ಲ: ಅವರು ಮೊದಲು ಕೊಟ್ಟ ಕಥೆ ಹಿಂದಿನವುಗಳ ಪಡಿಯಚ್ಚಿನಂತಿದೆಯೆಂದು ಆಗಿನ ನಿರ್ಮಾಪಕ ಬ್ಯಾರಿ ಲೆಟ್ಸ್ ಮತ್ತು ಕಥಾ ಸಂಪಾದಕ ಟೆರೆನ್ಸ್ ಡಿಕ್ಸ್ ಅವರಿಗೆ ಅನ್ನಿಸಿತು, ಡೇಲೆಕ್‌ಗಳ ಹುಟ್ಟನ್ನಾದರೂ ಬರೆಯಬಾರದೇಕೆ ಎಂದು ಸೂಚಿಸಿದರು. ತೆರೆಗೆ ಬರುವ ಹೊತ್ತಿಗೆ ಫಿಲಿಪ್ ಹಿಂಚ್‌ಕ್ಲಿಫ್ ಮತ್ತು ರಾಬರ್ಟ್ ಹೋಮ್ಸ್ ಆ ಸ್ಥಾನಗಳಲ್ಲಿದ್ದರು. ಕಥೆಗೆ ಕತ್ತಲೆ ಕವಿದದ್ದು ಅವರಿಂದ.

ಸಂಜೆಮಲ್ಲಿಗೆ:

ಇಲ್ಲಿ ಯಾರೂ ಮೈಕೆಲ್ ವಿಷರ್ ಅವರ ಹೆಸರನ್ನೇ ಎತ್ತಿಲ್ಲವಲ್ಲ! ಡಾವ್ರೋಸ್ ಪಾತ್ರದ ಗೆಲುವಿನಲ್ಲಿ ಬರವಣಿಗೆಯ ಪಾಲಿಗಿಂತ ಅವರ ದನಿಯ ಪಾಲು ದೊಡ್ಡದೆಂಬುದು ನನ್ನ ಅಭಿಪ್ರಾಯ. ಜಾನ್ ಫ್ರೀಡ್‌ಲ್ಯಾಂಡರ್ ತಯಾರಿಸಿದ ಮುಖವಾಡದ ಒಳಗಿನಿಂದ ಕಣ್ಣು ಕಾಣಿಸುವುದಿಲ್ಲ, ಒಂದು ಕೈ ಮಾತ್ರ ಆಡುತ್ತದೆ. ಆ ಮಿತಿಗೆ ಒಗ್ಗಿಕೊಳ್ಳಲೆಂದು ವಿಷರ್ ತಾಲೀಮಿನಲ್ಲಿ ತಲೆಯ ಮೇಲೆ ಕಾಗದದ ಚೀಲವನ್ನು ಹಾಕಿಕೊಂಡು ಅಭ್ಯಾಸ ಮಾಡುತ್ತಿದ್ದರಂತೆ. ಹಿಂದಿನ ಕಥೆಗಳಲ್ಲಿ ಡೇಲೆಕ್‌ಗಳಿಗೆ ದನಿ ಕೊಟ್ಟ ಅನುಭವವೂ ಅವರಿಗಿತ್ತು. ಆದ್ದರಿಂದಲೇ ಪಿಸುಮಾತಿನಲ್ಲಿ ಆರಂಭವಾದ ಡಾವ್ರೋಸ್‌ನ ಮಾತು ಉದ್ರೇಕ ಹೆಚ್ಚಿದಂತೆ ಡೇಲೆಕ್‌ನ ಕಿರುಚಾಟವಾಗಿ ಒಡೆಯುತ್ತದೆ. ತಂದೆಯಿಂದ ಮಕ್ಕಳಿಗೆ ಏನು ಹೋಯಿತೆಂಬುದನ್ನು ಕಿವಿಯೇ ಗುರುತಿಸುತ್ತದೆ.

ಐದನೆಯ ಕಂತಿನ ಆ ಸಂಭಾಷಣೆಯನ್ನು ನೆನಪಿಸಿಕೊಳ್ಳಿ. ಎಲ್ಲ ಜೀವಿಗಳನ್ನೂ ಕೊಲ್ಲಬಲ್ಲ ಒಂದು ವೈರಾಣುವನ್ನು ನೀನು ಸೃಷ್ಟಿಸಿದ್ದರೆ ಅದನ್ನು ಬಳಸುವೆಯಾ ಎಂದು ಡಾಕ್ಟರ್ ಕೇಳುತ್ತಾನೆ. ವಿಜ್ಞಾನಿಯೊಬ್ಬನಿಗೆ ನಾಚಿಕೆಯಾಗಲಿ ಎಂಬ ಆಸೆಯಿಂದ ಕೇಳಿದ ಪ್ರಶ್ನೆ ಅದು. ಡಾವ್ರೋಸ್ ಮೊದಲು ಅದನ್ನೊಂದು ರುಚಿಕರವಾದ ಊಹೆಯೆಂಬಂತೆ ಮೆಲುಕು ಹಾಕುತ್ತಾನೆ. ಆಮೇಲೆ ಇಲ್ಲದ ಗಾಜಿನ ಕುಪ್ಪಿಯನ್ನು ಬೆರಳುಗಳ ನಡುವೆ ಹಿಡಿದು, ಹೆಬ್ಬೆರಳಿನ ಒಂದು ಒತ್ತಡಕ್ಕೆ ಎಲ್ಲವೂ ಮುಗಿದುಹೋಗುವ ಆ ಅಧಿಕಾರ ತನ್ನನ್ನು ದೇವರುಗಳಿಗಿಂತ ಮೇಲಕ್ಕೆ ಏರಿಸುತ್ತದೆ ಎಂದು ಹೇಳುತ್ತ ಹೇಳುತ್ತ ಮೈಮರೆಯುತ್ತಾನೆ. ತುಂಗಾತೀರ ಅವರು ಹೇಳುವ ಸಂಸ್ಥೆ, ಕಾರ್ಯವಿಧಾನ ಎಲ್ಲ ಸರಿಯೇ, ಆದರೆ ಈ ದೃಶ್ಯದಲ್ಲಿ ಕಾಣುವುದು ಒಬ್ಬ ವ್ಯಕ್ತಿಯ ಹಸಿವು. ಅದನ್ನು ಬಂಕರಿನ ಲೆಕ್ಕಕ್ಕೆ ಬರೆಯಲಾಗದು.

ಕೊನೆಯ ಕಂತನ್ನು ನಮ್ಮವರಲ್ಲಿ ಹಲವರು ಭಸ್ಮಾಸುರನ ಕಥೆಗೆ ಹೋಲಿಸುತ್ತಾರೆ. ಆ ಹೋಲಿಕೆ ನನಗೆ ಪೂರ್ತಿ ಹಿಡಿಸುವುದಿಲ್ಲ. ಶಿವನು ವರವನ್ನು ಕೊಟ್ಟದ್ದು ಭಕ್ತಿಗೆ ಒಲಿದು, ಮುಂದಾಗುವುದನ್ನು ಯೋಚಿಸದೆ. ಅವನನ್ನು ಪಾರುಮಾಡಲು ಮೋಹಿನಿಯೂ ಬಂದಳು. ಡಾವ್ರೋಸ್ ಎಲ್ಲವನ್ನೂ ಯೋಚಿಸಿಯೇ ಕೊಟ್ಟವನು. ಡೇಲೆಕ್‌ಗಳ ಜೀವಕೋಶದ ಮಟ್ಟದಲ್ಲಿಯೇ ಕರುಣೆ, ಮನಸ್ಸಾಕ್ಷಿ, ಸರಿತಪ್ಪುಗಳ ಅರಿವು ಇಲ್ಲದಂತೆ ತಿದ್ದಬೇಕೆಂದು ಅವನು ಆಜ್ಞೆ ಮಾಡಿದಾಗ ಘಾರ್ಮನ್ ಎಂಬ ಹಿರಿಯ ಸಹಾಯಕ ಎದುರಿಗೇ ಆಕ್ಷೇಪಿಸುತ್ತಾನೆ. ಆಜ್ಞೆ ಬದಲಾಗುವುದಿಲ್ಲ. ಕೊನೆಗೆ ತನ್ನ ನಿಷ್ಠಾವಂತ ವಿಜ್ಞಾನಿಗಳನ್ನಾದರೂ ಉಳಿಸಿ, ಕರುಣೆ ತೋರಿಸಿ ಎಂದು ಡಾವ್ರೋಸ್ ಬೇಡಿದಾಗ, ಹಾಗೆಂದರೇನೆಂದು ತಿಳಿಯುವ ಶಕ್ತಿಯೇ ಡೇಲೆಕ್‌ಗಳಿಗೆ ಇರುವುದಿಲ್ಲ, ಏಕೆಂದರೆ ಅವನು ಅದನ್ನು ಇಟ್ಟಿರಲಿಲ್ಲ. ವಿಷರ್ ಆ ಕ್ಷಣದಲ್ಲಿ ದನಿಯನ್ನು ಏರಿಸದೆ, ತಗ್ಗಿಸಿ, ಮೊದಲ ಬಾರಿಗೆ ಒಬ್ಬ ಮುದುಕನಂತೆ ಮಾತನಾಡುತ್ತಾರೆ.

(ದೈತ್ಯ ಗಾತ್ರದ ಚಿಪ್ಪುಜೀವಿಯೊಂದು ಡಾಕ್ಟರನ ಇನ್ನೊಬ್ಬ ಜೊತೆಗಾರ ಹ್ಯಾರಿ ಸಲಿವನ್‌ನ ಕಾಲನ್ನು ಕಚ್ಚಿಹಿಡಿಯುವ ದೃಶ್ಯದ ಬಗ್ಗೆ ಯಾರೂ ಏನನ್ನೂ ಹೇಳದಿರುವುದು ಈ ಚರ್ಚೆಯ ಸೌಜನ್ಯವನ್ನು ತೋರಿಸುತ್ತದೆ.)

ಗಣಿತದ ಮೇಷ್ಟ್ರು:

ನಾನು ಬೇರೊಂದು ವಿಷಯವನ್ನು ಎತ್ತಬಯಸುತ್ತೇನೆ. ಈ ಕಥಾನಕದ ಬಗ್ಗೆ ಎಲ್ಲಿ ಮಾತು ಬಂದರೂ ಆರನೆಯ ಕಂತಿನ ಎರಡು ತಂತಿಗಳ ದೃಶ್ಯದಲ್ಲಿಗೆ ಬಂದು ನಿಲ್ಲುತ್ತದೆ. ಭ್ರೂಣಗಳನ್ನು ಬೆಳೆಸುವ ಕೋಣೆಯಲ್ಲಿ ಸ್ಫೋಟಕಗಳನ್ನು ಇರಿಸಿ ಹೊರಬಂದ ಡಾಕ್ಟರ್, ತಂತಿಯ ಎರಡು ತುದಿಗಳನ್ನು ಕೈಯಲ್ಲಿ ಹಿಡಿದು, ಇವನ್ನು ಮುಟ್ಟಿಸುವ ಹಕ್ಕು ನನಗಿದೆಯೇ ಎಂದು ತನ್ನನ್ನೇ ಕೇಳಿಕೊಳ್ಳುತ್ತಾನೆ. ಮುಂದೆ ಕ್ರೂರ ಸರ್ವಾಧಿಕಾರಿಯಾಗುವ ಮಗುವೊಂದನ್ನು ತೋರಿಸಿ ಕೊಲ್ಲು ಎಂದರೆ ಕೊಲ್ಲಬಲ್ಲೆಯಾ ಎಂದು ಸಾರಾಳನ್ನು ಕೇಳುತ್ತಾನೆ. ಡೇಲೆಕ್‌ಗಳ ಭಯದಿಂದಲೇ ಒಂದಾಗಿ ಸ್ನೇಹ ಬೆಳೆಸುವ ಲೋಕಗಳೂ ಮುಂದೆ ಇರುತ್ತವೆ ಎನ್ನುತ್ತಾನೆ. ಇಡೀ ಒಂದು ಬುದ್ಧಿಜೀವಿ ಕುಲವನ್ನು ಅಳಿಸಿದರೆ ತಾನೂ ಡೇಲೆಕ್‌ಗಳಂತೆಯೇ ಆಗುತ್ತೇನೆ ಎಂಬುದು ಅವನ ಹಿಂಜರಿಕೆಯ ತಿರುಳು. ಟಾಮ್ ಬೇಕರ್ ಆ ಪಾತ್ರಕ್ಕೆ ಬಂದು ಆಗಿನ್ನೂ ನಾಲ್ಕನೆಯ ಕಥೆ ಎಂಬುದನ್ನು ನೆನೆದರೆ ಅವರ ಅಭಿನಯದ ಹಿಡಿತ ಅಚ್ಚರಿ ಹುಟ್ಟಿಸುತ್ತದೆ.

ಆದರೆ ಇಷ್ಟನ್ನೇ ಹೇಳಿ ನಿಲ್ಲಿಸುವವರು ಆಮೇಲೆ ನಡೆಯುವುದನ್ನು ಮರೆಯುತ್ತಾರೆ. ಆ ಕ್ಷಣದಲ್ಲಿ, ಡಾವ್ರೋಸ್ ವಿರುದ್ಧ ಬಂಡೆದ್ದ ವಿಜ್ಞಾನಿಗಳ ಮುಖಂಡ ಘಾರ್ಮನ್ ಓಡಿಬಂದು, ಡಾವ್ರೋಸ್ ನಮ್ಮ ಷರತ್ತುಗಳಿಗೆ ಒಪ್ಪಿದ್ದಾನೆ ಎಂಬ ಸುದ್ದಿಯನ್ನು ತಿಳಿಸುತ್ತಾನೆ. ಡಾಕ್ಟರ್ ತಂತಿಗಳನ್ನು ಎಳೆದು ಬಿಸಾಡಿ, ಇಷ್ಟು ಕೃತಜ್ಞನಾಗಿ ನಾನು ಎಂದೂ ಇರಲಿಲ್ಲ ಎಂಬ ಭಾವದಲ್ಲಿ ಅಲ್ಲಿಂದ ಹೊರಡುತ್ತಾನೆ. ಘಾರ್ಮನ್ ನಂಬಿದ್ದು ಸುಳ್ಳೆಂದು ಬೇಗನೆ ಗೊತ್ತಾಗುತ್ತದೆ. ಬಂಡೆದ್ದವರನ್ನೆಲ್ಲ ಮತದಾನದ ನೆಪದಲ್ಲಿ ಒಂದೆಡೆ ಸೇರಿಸಿ, ಥಾಲರನ್ನು ಕೊಂದು ಮರಳಿದ ಡೇಲೆಕ್‌ಗಳಿಂದ ಡಾವ್ರೋಸ್ ಕೊಲ್ಲಿಸುತ್ತಾನೆ. ಆಗ ಡಾಕ್ಟರ್ ಏನು ಮಾಡುತ್ತಾನೆ? ಮತ್ತೆ ಅದೇ ಕೋಣೆಗೆ ಹೋಗಿ, ಈ ಸಲ ಯಾವ ಭಾಷಣವೂ ಇಲ್ಲದೆ, ಅದೇ ತಂತಿಗಳನ್ನು ಜೋಡಿಸಲು ಪ್ರಯತ್ನಿಸುತ್ತಾನೆ. ಒಂದು ಡೇಲೆಕ್ ಅವನ ಮೇಲೆ ದಾಳಿ ಮಾಡುತ್ತ ತಂತಿಗಳ ಮೇಲೆಯೇ ಹಾದುಹೋದಾಗ ಸಂಪರ್ಕ ತಾನಾಗಿ ಕೂಡಿಕೊಂಡು ಸ್ಫೋಟವಾಗುತ್ತದೆ. ಅದರಿಂದ ಡೇಲೆಕ್‌ಗಳ ಬೆಳವಣಿಗೆ ಸಾವಿರ ವರ್ಷಗಳಷ್ಟು ತಡವಾಗಿರಬಹುದೆಂದು ಅವನೇ ಅಂದಾಜು ಮಾಡುತ್ತಾನೆ.

ಇದನ್ನು ಲೇಖಕರ ಜಾಣತನವೆನ್ನಬೇಕೋ, ಜಾರಿಕೊಳ್ಳುವಿಕೆಯೆನ್ನಬೇಕೋ ಎಂಬುದೇ ನನ್ನ ಪ್ರಶ್ನೆ. ಮೊದಲ ಸಲ ಸುದ್ದಿಯೊಂದು ಬಂದು ನಾಯಕನನ್ನು ನಿರ್ಧಾರದಿಂದ ಪಾರುಮಾಡುತ್ತದೆ, ಎರಡನೆಯ ಸಲ ಶತ್ರುವೇ ಬಂದು ಅವನ ಕೈಗೆ ರಕ್ತ ಅಂಟದಂತೆ ನೋಡಿಕೊಳ್ಳುತ್ತಾನೆ. ಪ್ರಶ್ನೆಯನ್ನು ಕೇಳಿದ ಶ್ರೇಯಸ್ಸು ಅವನಿಗೆ ದೊರೆಯಿತು, ಉತ್ತರದ ಹೊಣೆ ದೊರೆಯಲಿಲ್ಲ. ನಾನು ಕಠಿಣವಾಗಿ ಹೇಳುತ್ತಿದ್ದೇನೆ ಎನ್ನಿಸಬಹುದು, ಆದರೆ ಇದೇ ದೃಶ್ಯವನ್ನು ನೈತಿಕ ಚಿಂತನೆಯ ಮಾದರಿಯೆಂದು ಅರ್ಧ ಶತಮಾನದಿಂದ ಎತ್ತಿ ಹೇಳಲಾಗುತ್ತಿರುವುದರಿಂದ ಇಷ್ಟಾದರೂ ಕೇಳಬೇಕಾಗುತ್ತದೆ. ವೈರಾಣುವಿನ ಪ್ರಶ್ನೆಗೆ ಹೌದು ಎಂದ ಡಾವ್ರೋಸ್‌ಗೂ, ತಂತಿ ಹಿಡಿದು ನಿಂತ ಡಾಕ್ಟರನಿಗೂ ಲೇಖಕರು ಉದ್ದೇಶಪೂರ್ವಕವಾಗಿ ಒಂದೇ ಬಗೆಯ ಅಧಿಕಾರವನ್ನು ಕೊಟ್ಟಿದ್ದಾರೆ. ಇಬ್ಬರಲ್ಲಿ ಒಬ್ಬನು ಮಾತ್ರ ಹಿಂಜರಿದ ಎಂಬುದು ನಿಜ, ಆದರೆ ಹಿಂಜರಿದವನೂ ಕೊನೆಗೆ ಅಲ್ಲಿಗೇ ಮರಳಿದ. ಮರಳುವ ಮೊದಲು ಅವನ ಮನಸ್ಸು ಹೇಗೆ ಬದಲಾಯಿತೆಂಬುದಕ್ಕೆ ಒಂದು ನಿಮಿಷವನ್ನಾದರೂ ಮೀಸಲಿಟ್ಟಿದ್ದರೆ, ಹ್ಯಾರಿಯ ಕಾಲಿಗೆ ಬಿದ್ದ ಆ ಚಿಪ್ಪುಜೀವಿಗೆ ಕೊಟ್ಟ ಸಮಯ ಸಾರ್ಥಕವಾಗುತ್ತಿತ್ತು.

ನೀಲಿಪೆಟ್ಟಿಗೆ:

ಎಲ್ಲರಿಗೂ ವಂದನೆಗಳು. ಬಂಕರ್ ಒಂದು ಸಂಸ್ಥೆ ಎಂಬ ವಾದ ನನಗೆ ಹಿಡಿಸಿತು, ಆದರೆ 1963ರ ಡೇಲೆಕ್‌ಗಳೇ ಹೆಚ್ಚು ಭಯಂಕರ ಎಂಬ ನನ್ನ ಅನಿಸಿಕೆ ಇನ್ನೂ ಹಾಗೆಯೇ ಇದೆ. ಹಳೆಯ ಆಂಟೆನಾ ಅವರು ಅದಕ್ಕೆ ಬಲ ಕೊಟ್ಟಿದ್ದಾರೆ. ಇನ್ನೊಂದು ಪ್ರಶ್ನೆ ಕೇಳಬಹುದೇ? ಬಾಲ್ಯದ ಪೆಟ್ಟನ್ನು ಕಾರಣವಾಗಿಸದಿರುವುದೇ ಈ ಕಥೆಯ ಹೆಚ್ಚುಗಾರಿಕೆ ಎಂದು ತುಂಗಾತೀರ ಅವರು ಬರೆದಿದ್ದಾರೆ. ಆದರೆ 2015ರಲ್ಲಿ ಸರಣಿ ಡಾವ್ರೋಸ್‌ನ ಬಾಲ್ಯವನ್ನೇ ತೋರಿಸಿತಲ್ಲ, ಅದನ್ನು ಹೇಗೆ ನೋಡುತ್ತೀರಿ? ಹಾಗೆಯೇ, 2023ರಿಂದ ಅವನನ್ನು ಗಾಲಿಕುರ್ಚಿಯಲ್ಲಿ ತೋರಿಸುವುದನ್ನು ಬಿಟ್ಟಿರುವುದು ಸರಿಯೇ?

ತುಂಗಾತೀರ:

2015ರ ಎರಡು ಕಂತುಗಳಲ್ಲಿ ಯುದ್ಧಭೂಮಿಯ ನಡುವೆ, ನೆಲದಿಂದ ಮೇಲೇಳುವ ಕೈಗಳ ರೂಪದ ಸಿಡಿಗುಂಡುಗಳ ಮಧ್ಯೆ ಸಿಕ್ಕಿಕೊಂಡ ಒಬ್ಬ ಹುಡುಗನನ್ನು ಡಾಕ್ಟರ್ ಕಾಣುತ್ತಾನೆ, ಹೆಸರು ಕೇಳಿದೊಡನೆ ಬಿಟ್ಟುಹೋಗುತ್ತಾನೆ. 1975ರಲ್ಲಿ ಊಹೆಯಾಗಿ ಕೇಳಿದ ಮಗುವಿನ ಪ್ರಶ್ನೆಗೆ ಅಲ್ಲಿ ನಿಜವಾಗಿಯೂ ಒಂದು ಮಗುವನ್ನು ಎದುರಿಗೆ ನಿಲ್ಲಿಸಿದರು. ಕೊನೆಗೆ ಅವನು ಹಿಂದಿರುಗಿ ಹುಡುಗನನ್ನು ಕಾಪಾಡುವುದು, ಅದರಿಂದಾಗಿಯೇ ಕರುಣೆಯ ಒಂದು ಎಳೆ ಡೇಲೆಕ್‌ಗಳಲ್ಲಿ ಉಳಿದುಕೊಂಡಿತೆನ್ನುವುದು, ಇದು ಬಲು ಅಂದವಾದ ಕಟ್ಟಡ. ಗಣಿತದ ಮೇಷ್ಟ್ರು ಕೇಳಿದ ಉತ್ತರದ ಹೊಣೆಯನ್ನು ಡಾಕ್ಟರ್ ಹೊತ್ತುಕೊಂಡದ್ದು ಅಲ್ಲಿಯೇ ಎಂದೂ ವಾದಿಸಬಹುದು. ಆದರೆ ನನಗೆ ಅದು ಅಗತ್ಯಕ್ಕಿಂತ ಅಂದವಾಗಿ ಕಾಣುತ್ತದೆ. ಸಾವಿರ ವರ್ಷಗಳ ಯುದ್ಧ, ರಕ್ತಶುದ್ಧಿಯ ಕಾನೂನು, ಬಂಕರಿನ ಶಿಸ್ತು, ಇವೆಲ್ಲದರ ಭಾರ ಇಬ್ಬರ ನಡುವಿನ ಒಂದು ಸಂಜೆಯ ಘಟನೆಯ ಮೇಲೆ ಬಂದು ಕೂರುತ್ತದೆ. ತಮ್ಮ ಮೂಲ ಆಕ್ಷೇಪವನ್ನು ನಾನು ಆ ಕಂತುಗಳ ವಿಷಯದಲ್ಲಿ ಪೂರ್ತಿಯಾಗಿ ಒಪ್ಪುತ್ತೇನೆ.

2023ರ ನಿರ್ಧಾರ ಆಗ ಸರಣಿಯ ಹೊಣೆ ಹೊತ್ತಿದ್ದ ರಸೆಲ್ ಟಿ. ಡೇವಿಸ್ ಅವರದು. ‘ಚಿಲ್ಡ್ರನ್ ಇನ್ ನೀಡ್’ ನೆರವಿನ ಕಾರ್ಯಕ್ರಮಕ್ಕಾಗಿ ಮಾಡಿದ ಕಿರುಕಂತಿನಲ್ಲಿ ಜೂಲಿಯನ್ ಬ್ಲೀಚ್ ಅವರು ಗಾಯವೂ ಕುರ್ಚಿಯೂ ಇಲ್ಲದ ಡಾವ್ರೋಸ್ ಆಗಿ ಬಂದರು. ಅಂಗವೈಕಲ್ಯವನ್ನು ಕೆಟ್ಟತನದ ಗುರುತಾಗಿ ಬಳಸುವ ಹಳೆಯ ಚಾಳಿ ಮುಂದುವರಿಯಬಾರದು ಎಂಬುದು ಡೇವಿಸ್ ಕೊಟ್ಟ ಕಾರಣ. ಅಭಿಮಾನಿಗಳಲ್ಲಿ ಹಲವರು ಸಿಟ್ಟಾದರು. ಆ ಕಾರಣ ತಳ್ಳಿಹಾಕತಕ್ಕದ್ದಲ್ಲ, ಗಾಲಿಕುರ್ಚಿ ಬಳಸುವ ಪ್ರೇಕ್ಷಕರು ತೆರೆಯ ಮೇಲೆ ತಮ್ಮಂಥವರನ್ನು ಎಷ್ಟು ಸಲ ಖಳರಾಗಿಯೇ ಕಂಡಿದ್ದಾರೆಂಬುದನ್ನು ಯೋಚಿಸಬೇಕು. ಆದರೆ 1975ರ ಆ ಕುರ್ಚಿಗೆ ಇನ್ನೊಂದು ಕೆಲಸವೂ ಇತ್ತು. ಅದರ ಕೆಳಭಾಗ ಡೇಲೆಕ್‌ನ ಕೆಳಭಾಗವೇ. ತನ್ನ ಜನಾಂಗದ ಭವಿಷ್ಯವನ್ನು ಅವನು ತನ್ನ ದೇಹದ ಅಳತೆಗೆ ಕತ್ತರಿಸಿದ ಎಂಬುದನ್ನು ಅದು ಮಾತಿಲ್ಲದೆ ತಿಳಿಸುತ್ತಿತ್ತು. ಹೊಸದಾಗಿ ಬರೆಯುವವರು ಅದನ್ನು ಬೇರೆ ರೀತಿಯಲ್ಲಿ ತಿಳಿಸುವ ದಾರಿಯನ್ನು ಹುಡುಕಿಕೊಳ್ಳಲಿ, ಹಳೆಯದನ್ನು ಹಾಗೆಯೇ ಇರಗೊಡಲಿ.

ಹಳೆಯ ಆಂಟೆನಾ:

ಈ ಚರ್ಚೆಯನ್ನು ಓದಿ ಹೊಸದಾಗಿ ನೋಡಲು ಹೊರಟವರಿಗೆ ಒಂದು ಮಾತು. 1975ರ ಡಿಸೆಂಬರ್ 27ರಂದು ಬಿಬಿಸಿ ಇದನ್ನು ಸುಮಾರು 85 ನಿಮಿಷಗಳ ಒಂದೇ ಚಿತ್ರವಾಗಿ ಕತ್ತರಿಸಿ ಮರುಪ್ರಸಾರ ಮಾಡಿತ್ತು, 1979ರಲ್ಲಿ ಟಾಮ್ ಬೇಕರ್ ಅವರ ನಿರೂಪಣೆಯೊಂದಿಗೆ ಧ್ವನಿಮುದ್ರಿಕೆಯೂ ಬಂತು. ಎರಡೂ ಓಟದ ದೃಷ್ಟಿಯಿಂದ ಚೆನ್ನಾಗಿವೆ. ಆದರೂ ಆರು ಕಂತುಗಳ ರೂಪವನ್ನೇ ನೋಡಿ, ಅದೂ ದಿನಕ್ಕೊಂದರಂತೆ. ಎರಡನೆಯ ಕಂತಿನ ಕೊನೆಯಲ್ಲಿ ಸಾರಾ ಕ್ಷಿಪಣಿಯ ಅಟ್ಟಣಿಗೆಯಿಂದ ಜಾರಿ ಬೀಳುವ ಕ್ಷಣದಲ್ಲಿ ಚಿತ್ರ ಹಾಗೆಯೇ ಸ್ತಬ್ಧವಾಗಿ ನಿಂತುಬಿಡುತ್ತದೆ. ಮಕ್ಕಳು ನೋಡುವ ಹೊತ್ತಿನಲ್ಲಿ ಇಷ್ಟು ಹಿಂಸೆಯೇ ಎಂದು, ದೂರದರ್ಶನದ ಹಿಂಸೆಯ ವಿರುದ್ಧ ಚಳವಳಿ ನಡೆಸುತ್ತಿದ್ದ ಮೇರಿ ವೈಟ್‌ಹೌಸ್ ಆಗ ಈ ಕಥೆಯನ್ನು ಕಟುವಾಗಿ ಖಂಡಿಸಿದ್ದು ಏಕೆಂಬುದು ಮುಂದಿನ ಕಂತಿಗಾಗಿ ಕಾದವರಿಗೆ ಮಾತ್ರ ಅರ್ಥವಾಗುತ್ತದೆ. ಸಾಧ್ಯವಾದರೆ ಅದಕ್ಕೂ ಮೊದಲು 1963ರ ಕಥೆಯನ್ನು ನೋಡಿ. ಎರಡೂ ಹಿನ್ನೆಲೆಗಳು ಒಂದಕ್ಕೊಂದು ಹೊಂದುವುದಿಲ್ಲವೆಂದು ಗೊತ್ತಿದ್ದೂ, ಬೇಕಾದುದನ್ನು ತಾವೇ ಆರಿಸಿಕೊಳ್ಳಬಹುದು.